ಗುರು ಗ್ರಹಕ್ಕೆ ಹೋದ ಕೌದಿ

ನಮ್ಮಜ್ಜ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನೂಲಿನ ಕೆಲಸಕ್ಕಿದ್ದ. ಕೊಣ್ಣೂರಿನಿಂದ ಪಾಳಿಗೆ ನಡಕೊಂಡೇ ಹೋಗಿ ಬರ್ತಿದ್ದ. ಕೆಲಸ ಬಿಟ್ಟು ಎಷ್ಟೋ ವರ್ಷ ಆದ ಮೇಲೂ ಮನೆಗೆ ಹೊಸ ಅರಿವೆ ಬಂದರೆ ಮೊದಲು ಅವನ ಕೈಗೆ ಹೋಗಬೇಕು. ಅಂಚಿನಿಂದ ಒಂದು ಎಳೆ ಕಿತ್ತು, ಎರಡು ಬೆರಳ ನಡುವೆ ತಿಕ್ಕಿ, ಹುರಿ ಬಿಚ್ಚಿ ನೋಡಿ, "ಇದು ನಾಕ ಸಲ ಒಗದ್ರ ಹಿಂಜಿ ಹೊಕ್ಕತಿ" ಅಂತ ತೀರ್ಪು ಕೊಡ್ತಿದ್ದ. ತಪ್ಪಿದ್ದು ಕಡಿಮೆ.

"ಹೆಂಗ ಗೊತ್ತಾಗತೈತಿ ಅಜ್ಜಾ?" ಅಂದರೆ, "ಕೈಗೆ ಗೊತ್ತಾಗತೈತಿ ತಮ್ಮಾ, ಬಾಯಿಲೇ ಹೇಳಾಕ ಬರೂದಿಲ್ಲ" ಅನ್ನೋನು.

2007ರ ಜನವರಿ. ನಾನಾಗ ಬಿ.ಇ. ವಿದ್ಯಾರ್ಥಿ, ಊರಿಗೆ ಬಂದಿದ್ದೆ. ಇಸ್ರೋದ ಎಸ್‌ಆರ್‌ಇ-1 ಅನ್ನೋ ಪುಟ್ಟ ನೌಕೆ ಹನ್ನೆರಡು ದಿನ ಭೂಮಿ ಸುತ್ತಿ ಜನವರಿ 22ರಂದು ಬಂಗಾಳ ಕೊಲ್ಲಿಗೆ ಬಿದ್ದಿತ್ತು. ಭಾರತ ಕಳಿಸಿದ ವಸ್ತುವೊಂದು ಕಕ್ಷೆಯಿಂದ ಸುಡದೇ ವಾಪಸ್ ಬಂದದ್ದು ಅದೇ ಮೊದಲು. ನಾನು ಪೇಪರ್ ಹಿಡಿದು ಅಜ್ಜನಿಗೆ ಓದಿ ಹೇಳಿದೆ. ಸೆಕೆಂಡಿಗೆ 8 ಕಿಲೋಮೀಟರ್ ವೇಗದಲ್ಲಿ ಗಾಳಿಗೆ ಬಂದು ಬಿತ್ತು, ಸುತ್ತಲೂ ಬೆಂಕಿ, ಆದರೂ ಒಳಗೆ ಏನೂ ಆಗಲಿಲ್ಲ ಅಂದೆ. ಅಜ್ಜ ಒಂದೇ ಪ್ರಶ್ನೆ ಕೇಳಿದ.

"ಅದಕ್ಕ ಏನ ಹೊಚ್ಚಿದ್ರು?"

"ಸಿಲಿಕಾ ಟೈಲ್ಸ್. ಮತ್ತ ಕಾರ್ಬನ್ ಫಿನಾಲಿಕ್ ಅಂತ ಬರದಾರ."

"ಅಂದ್ರ?"

ನನಗೆ ಗೊತ್ತಿರಲಿಲ್ಲ. "ಅದೊಂದು ಕೆಮಿಕಲ್ ಅಜ್ಜಾ" ಅಂದು ಪೇಪರ್ ಮಡಚಿಟ್ಟೆ. ಆ ಉತ್ತರ ಎಷ್ಟು ತಪ್ಪು ಅಂತ ತಿಳಿಯೋ ಹೊತ್ತಿಗೆ ಅಜ್ಜ ಇರಲಿಲ್ಲ. ಹಾಗಾಗಿ ಅವನಿಗೆ ಹೇಳಬೇಕಾದದ್ದನ್ನ ನಿಮಗೆ ಹೇಳ್ತಿದೀನಿ.

ಮೊದಲು ಬೆಂಕಿಯ ಮಾತು. ಆಕಾಶದಿಂದ ಬೀಳೋ ವಸ್ತು ಗಾಳಿಗೆ ತಿಕ್ಕಿ ಬಿಸಿಯಾಗತ್ತೆ ಅಂತ ನಾವೆಲ್ಲ ಶಾಲೆಯಲ್ಲಿ ಬರೆದಿದ್ದೇವೆ. ತಿಕ್ಕಾಟದ ಪಾಲು ಇದೆ, ಆದರೆ ದೊಡ್ಡ ಪಾಲು ಅದಲ್ಲ. ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಗೊತ್ತು, ಪಂಪಿನ ಬುಡ ಕೈ ಸುಡುವಷ್ಟು ಬಿಸಿಯಾಗತ್ತೆ. ಗಾಳಿಯನ್ನು ಒತ್ತಿದರೆ ಅದು ಕಾಯತ್ತೆ. ಬಹಳ ವೇಗದಲ್ಲಿ ಬರೋ ನೌಕೆಯ ಎದುರಿನ ಗಾಳಿಗೆ ಪಕ್ಕಕ್ಕೆ ಸರಿಯೋಕೆ ಪುರುಸೊತ್ತೇ ಇರಲ್ಲ. ನೌಕೆಯ ಮುಂದೆಯೇ ಒತ್ತಿಕೊಂಡು ಗೋಡೆಯ ಹಾಗೆ ನಿಲ್ಲತ್ತೆ. ಅದಕ್ಕೆ ಆಘಾತ ತರಂಗ ಅಂತಾರೆ. ಆ ಗೋಡೆ ದಾಟಿದ ಗಾಳಿ ಸಾವಿರಾರು ಡಿಗ್ರಿಗೆ ಕಾದು, ಅಣುಗಳೇ ಒಡೆದು ಉರಿಯತ್ತೆ.

ಇದನ್ನು ನೆಲದ ಮೇಲೆ ಪರೀಕ್ಷೆ ಮಾಡೋ ಜಾಗ ನಮ್ಮ ಬೆಂಗಳೂರಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ದಶಕಗಳಿಂದ ಶಾಕ್ ಟನಲ್ ನಡೆಸ್ತಾ ಬಂದಿದ್ದಾರೆ. ಉದ್ದದ ಕೊಳವೆಯಲ್ಲಿ ಒಂದು ಕಡೆ ಒತ್ತಡದ ಅನಿಲ ತುಂಬಿ, ನಡುವಿನ ತೆಳು ಲೋಹದ ಪರದೆ ಒಡೆಯೋ ಹಾಗೆ ಮಾಡ್ತಾರೆ. ಆಘಾತ ತರಂಗ ಓಡಿ ಬಂದು ಮಾದರಿಗೆ ಬಡಿಯತ್ತೆ. ಇಡೀ ಪ್ರಯೋಗ ಸೆಕೆಂಡಿನ ಸಾವಿರದ ಒಂದು ಪಾಲಿನ ಆಸುಪಾಸಿನಲ್ಲಿ ಮುಗಿಯತ್ತೆ. ಅಷ್ಟರಲ್ಲೇ ಮಾದರಿಯ ಮೇಲೆ ಎಷ್ಟು ಶಾಖ ಬಿತ್ತು ಅಂತ ಅಳೆಯಬೇಕು.

ಮೊದಮೊದಲು ಎಲ್ಲರೂ ನೌಕೆಯ ಮೂಗು ಸೂಜಿಯ ಹಾಗೆ ಚೂಪಾಗಿರಬೇಕು ಅಂದ್ಕೊಂಡಿದ್ದರು. ಅಮೆರಿಕದ ಏಮ್ಸ್ ಪ್ರಯೋಗಾಲಯದ ಜೂಲಿಯನ್ ಆಲೆನ್ 1950ರ ದಶಕದ ಶುರುವಿನಲ್ಲಿ ಇದನ್ನು ಉಲ್ಟಾ ಮಾಡಿದರು. ಮೂಗು ಮೊಂಡಾಗಿದ್ದರೆ ಆಘಾತ ತರಂಗ ದೂರ ನಿಲ್ಲತ್ತೆ, ಶಾಖದ ಬಹುಪಾಲು ಗಾಳಿಗೇ ಹೋಗತ್ತೆ, ನೌಕೆಗೆ ತಟ್ಟೋದು ಸಣ್ಣ ಪಾಲು. ಕ್ಷಿಪಣಿಯ ಗುಟ್ಟಾದ್ದರಿಂದ ಕೆಲವು ವರ್ಷ ಇದನ್ನು ಹೊರಗೆ ಬಿಡಲಿಲ್ಲ. ಮುಂದೆ ಚಂದ್ರನಿಂದ ವಾಪಸ್ ಬಂದ ಅಪೊಲೊ ನೌಕೆಗಳ ಬುಡ ಅಷ್ಟು ಅಗಲ ಇದ್ದದ್ದು ಇದೇ ಕಾರಣಕ್ಕೆ. ನಮ್ಮ ಎಸ್‌ಆರ್‌ಇ-1ರ ಮೂಗೂ ದುಂಡಗೇ ಇತ್ತು.

ಆದರೆ ಭೂಮಿಯ ಲೆಕ್ಕ ಗುರು ಗ್ರಹಕ್ಕೆ ಸಾಲಲ್ಲ.

ಗುರುವಿನ ತೂಕ ಭೂಮಿಯ 318 ಪಟ್ಟು. ಅದರ ಸೆಳೆತಕ್ಕೆ ಸಿಕ್ಕಿ ಬೀಳೋ ಯಾವುದೇ ವಸ್ತು ಮೋಡದ ಹತ್ತಿರ ಬರೋ ಹೊತ್ತಿಗೆ ಸೆಕೆಂಡಿಗೆ 60 ಕಿಲೋಮೀಟರ್ ವೇಗಕ್ಕೆ ಬಂದಿರತ್ತೆ. ಇದನ್ನು ತಪ್ಪಿಸೋ ದಾರಿ ಇಲ್ಲ. ಇರೋದು ಒಂದೇ ಉಪಾಯ, ಅದು ನಮಗೆಲ್ಲ ಗೊತ್ತಿರೋದೇ. ಓಡೋ ಬಸ್ ಹತ್ತೋನು ಬಸ್ಸಿನ ದಿಕ್ಕಿಗೇ ಓಡ್ತಾನೆ, ಎದುರಿಗೆ ಓಡಲ್ಲ. ಗುರು ಹತ್ತು ಗಂಟೆಗೊಮ್ಮೆ ಸುತ್ತತ್ತೆ, ಸಮಭಾಜಕದ ಹತ್ತಿರ ಅದರ ಮೋಡಗಳು ಸೆಕೆಂಡಿಗೆ 12 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡ್ತವೆ. ಅದೇ ದಿಕ್ಕಿಗೆ ಇಳಿದರೆ ಅಷ್ಟು ವೇಗ ಉಳಿಯತ್ತೆ. ನಾಸಾದ ಗೆಲಿಲಿಯೋ ತಂಡ ಹಾಗೇ ಮಾಡಿತು. ಅಷ್ಟಾದರೂ ಅವರ ಶೋಧಕ ಗುರುವಿನ ಗಾಳಿಗೆ ಬಿದ್ದದ್ದು ಸೆಕೆಂಡಿಗೆ 47 ಕಿಲೋಮೀಟರ್ ವೇಗದಲ್ಲಿ. ಆ ವೇಗದಲ್ಲಿ ಹೊರಟರೆ ಬೆಂಗಳೂರಿಂದ ನಮ್ಮ ಕೊಣ್ಣೂರಿಗೆ ಹನ್ನೆರಡು ಸೆಕೆಂಡು. ನಾನು ರಾತ್ರಿ ಬಸ್ ಹತ್ತಿದರೆ ಬೆಳಗಾಗತ್ತೆ.

ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗತ್ತೆ. ಎಸ್‌ಆರ್‌ಇ-1ಕ್ಕೆ ಹೋಲಿಸಿದರೆ ಗೆಲಿಲಿಯೋ ಶೋಧಕದ ವೇಗ ಸುಮಾರು ಆರು ಪಟ್ಟು, ಒಂದೊಂದು ಕೆ.ಜಿ.ಯ ಶಕ್ತಿ ಮೂವತ್ತೈದು ಪಟ್ಟು. ಇನ್ನೊಂದು ಲೆಕ್ಕ ಹೇಳ್ತೀನಿ. ಆ ಶೋಧಕದ ಒಂದು ಕೆ.ಜಿ. ತೂಕದಲ್ಲಿದ್ದ ಚಲನೆಯ ಶಕ್ತಿಯನ್ನೆಲ್ಲ ಶಾಖ ಮಾಡಿದರೆ 400 ಲೀಟರಿಗೂ ಹೆಚ್ಚು ನೀರನ್ನು ಕುದಿಸಿ ಪೂರ್ತಿ ಆವಿ ಮಾಡಬಹುದು. ಇಡೀ ಶೋಧಕದ ತೂಕ 339 ಕೆ.ಜಿ.

ಶೋಧಕದ ಮುಂದಿನ ಅನಿಲದ ಬಿಸಿ ಸುಮಾರು 15,000 ಡಿಗ್ರಿ ಸೆಲ್ಸಿಯಸ್. ಸೂರ್ಯನ ಮೇಲ್ಮೈಯ ಬಿಸಿ 5,500 ಡಿಗ್ರಿ. ಇಲ್ಲೇ ಆಲೆನ್ ಅವರ ಪಾಠ ಅರ್ಧ ಕೈ ಕೊಡೋದು. ಅನಿಲ ಅಷ್ಟು ಕಾದಾಗ ಅದರ ಬೆಳಕೇ ಸುಡತ್ತೆ. ಅನಿಲ ಬಂದು ಮುಟ್ಟಬೇಕು ಅಂತಿಲ್ಲ. ಆಘಾತ ತರಂಗವನ್ನು ದೂರ ನಿಲ್ಲಿಸಿದರೂ ಅದರ ಪ್ರಖರ ಬೆಳಕು ಕವಚದ ಮೇಲೆ ಬೀಳತ್ತೆ. ಮೂಗು ಮೊಂಡಾದಷ್ಟೂ ಈ ಬೆಳಕಿನ ಕಾಟ ಜಾಸ್ತಿ. ತೀರ ಚೂಪಾದರೆ ಮುಟ್ಟೋ ಶಾಖದ ಕಾಟ ಜಾಸ್ತಿ. ಹಾಗಾಗಿ ಎರಡರ ನಡುವೆ ಒಂದು ಶಂಕುವಿನ ಆಕಾರ ಆರಿಸಿದರು. ತುದಿ ದುಂಡಗೆ, ಇಳಿಜಾರು 45 ಡಿಗ್ರಿ, ಅಗಲ ಒಂದೂಕಾಲು ಮೀಟರ್. ನಮ್ಮ ಕಡೆ ಗೌಡರ ಮನೆಯ ದೊಡ್ಡ ಅಡುಗೆಗೆ ಇಡೋ ಕೊಪ್ಪರಿಗೆಗಿಂತ ಬಹಳ ದೊಡ್ಡದಲ್ಲ.

ಈಗ ಅಜ್ಜನ ಪ್ರಶ್ನೆ. ಅದಕ್ಕ ಏನ ಹೊಚ್ಚಿದ್ರು?

ಅರಿವೆ ಹೊಚ್ಚಿದ್ದರು. ಹೌದು, ನೇಯ್ದ ಬಟ್ಟೆ.

ಕಾರ್ಬನ್ ಫಿನಾಲಿಕ್ ಅಂದರೆ ಇಷ್ಟೇ. ಮರದ ತಿರುಳಿನಿಂದ ತೆಗೆದ ರೇಯಾನ್ ನೂಲು ತಗೊಂಡು ಬಟ್ಟೆ ನೇಯ್ತಾರೆ. ಗಾಳಿ ತಾಗದ ಒಲೆಯಲ್ಲಿಟ್ಟು ಅದನ್ನು ಬೇಯಿಸ್ತಾರೆ. ದೀಪದ ಬತ್ತಿ ಉರಿದಾದ ಮೇಲೂ ಕಪ್ಪು ಎಳೆಯಾಗಿ ಹಾಗೇ ನಿಂತಿರತ್ತಲ್ಲ, ಆ ರೀತಿ ನೇಯ್ಗೆ ಉಳಿದು ಬಟ್ಟೆ ಇಂಗಾಲವಾಗತ್ತೆ. ಅದಕ್ಕೆ ಫಿನಾಲಿಕ್ ಅಂಟು ಕುಡಿಸ್ತಾರೆ. ಹಳೇ ಮನೆಗಳ ಕರೀ ಬೇಕಲೈಟ್ ಸ್ವಿಚ್ ನೋಡಿದೀರಲ್ಲ, ಅದೇ ಜಾತಿಯ ಅಂಟು. ಆಮೇಲೆ ಒತ್ತಡ ಹಾಕಿ ಕಾಯಿಸಿ ಗಟ್ಟಿ ಮಾಡ್ತಾರೆ.

ಗೆಲಿಲಿಯೋದ ಕವಚದಲ್ಲಿ ಈ ಬಟ್ಟೆಯನ್ನು ಎರಡು ಥರ ಬಳಸಿದ್ದರು. ಇಳಿಜಾರಿನ ಭಾಗಕ್ಕೆ ಬಟ್ಟೆಯ ಪಟ್ಟಿಗಳನ್ನು ಪಟಗಾ ಸುತ್ತಿದ ಹಾಗೆ ಒಂದರ ಮೇಲೊಂದು ಓರೆಯಾಗಿ ಸುತ್ತಿದರು. ಮೂಗಿನ ಭಾಗಕ್ಕೆ ಬಟ್ಟೆಯನ್ನು ಸಣ್ಣ ಸಣ್ಣ ಚೌಕ ಕತ್ತರಿಸಿ, ಅಚ್ಚಿಗೆ ಹಾಕಿ ಒತ್ತಿದರು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಆಯಿ. ಹಳೇ ಸೀರೆ, ಧೋತರ, ಹರಿದ ಅಂಗಿ ಎಲ್ಲ ತುಂಡು ಮಾಡಿ, ಪದರು ಪದರಾಗಿ ಹಾಸಿ ಅವಳು ಕೌದಿ ಹೊಲಿತಿದ್ದಳು. ಒಂದೊಂದು ತುಂಡೂ ಚಿಂದಿ, ಎಲ್ಲ ಸೇರಿದರೆ ಮಾಗಿಯ ಚಳಿ ತಡೆಯತ್ತೆ. ಗುರುವಿಗೆ ಹೋದ ಕೌದಿ ತಡೆಯಬೇಕಾದದ್ದು ಚಳಿಯಲ್ಲ ಅನ್ನೋದಷ್ಟೇ ವ್ಯತ್ಯಾಸ.

ಬಟ್ಟೆ ಬೆಂಕಿಯನ್ನು ತಡೆಯೋದು ಹೇಗೆ? ಸುಟ್ಟುಕೊಂಡೇ ತಡೆಯತ್ತೆ. ಶಾಖ ತಾಗಿದಾಗ ಅಂಟು ಒಡೆದು ಅನಿಲವಾಗಿ ಹೊರಗೆ ಹರಿಯತ್ತೆ, ಹೊರಗಿನ ಬೆಂಕಿಯನ್ನು ಅಷ್ಟು ದೂರ ತಳ್ಳತ್ತೆ. ಉಳಿದ ಕರಿ ಕಾದು ಹೊಳೆದು ಒಂದಿಷ್ಟು ಶಾಖವನ್ನು ವಾಪಸ್ ಬಿಸಾಕತ್ತೆ. ಆಮೇಲೆ ಆ ಕರಿಯೂ ಪದರು ಪದರಾಗಿ ಸವೆದು ತನ್ನ ಜೊತೆ ಶಾಖ ಹೊತ್ತುಕೊಂಡು ಹೋಗತ್ತೆ. ರೇಯಾನಿನಿಂದ ಮಾಡಿದ ಇಂಗಾಲದ ಎಳೆಗೆ ಇನ್ನೊಂದು ಗುಣ, ಶಾಖವನ್ನು ಬೇಗ ಒಳಗೆ ಬಿಡಲ್ಲ. ಹೊರಗೆ ಉರೀತಾ ಇದ್ದರೂ ಒಳಗೆ ತಣ್ಣಗಿರತ್ತೆ.

1989ರ ಅಕ್ಟೋಬರ್ 18ಕ್ಕೆ ಗೆಲಿಲಿಯೋ ಹೊರಟಿತು. 1982ಕ್ಕೇ ಹೋಗಬೇಕಾದದ್ದು. ಮೊದಲು ಬೇರೆ ಬೇರೆ ಕಾರಣ, ಆಮೇಲೆ 1986ರ ಚಾಲೆಂಜರ್ ದುರಂತ, ಹೀಗೆ ವರ್ಷಗಟ್ಟಲೆ ತಡವಾಯ್ತು. 1995ರ ಜುಲೈ 13ಕ್ಕೆ ತಾಯಿ ನೌಕೆ ಶೋಧಕವನ್ನು ಬಿಟ್ಟುಕೊಟ್ಟಿತು. ಶೋಧಕಕ್ಕೆ ಸ್ವಂತ ಎಂಜಿನ್ ಇರಲಿಲ್ಲ. ಕವಣೆಯಿಂದ ಬೀಸಿದ ಕಲ್ಲಿನ ಹಾಗೆ ಐದು ತಿಂಗಳು ಸುಮ್ಮನೆ ಬೀಳ್ತಾ ಹೋಯ್ತು. ಕಡಿದಾಗಿ ಇಳಿದರೆ ಸುಟ್ಟು ಹೋಗತ್ತೆ, ತೀರ ಓರೆಯಾದರೆ ನೀರಿನ ಮೇಲೆ ಎಸೆದ ಬಿಲ್ಲೆಯ ಹಾಗೆ ಜಿಗಿದು ಹೊರಗೆ ಹೋಗತ್ತೆ. ಆಮೇಲೆ ತಿದ್ದೋಕೆ ಆಗಲ್ಲ.

ಡಿಸೆಂಬರ್ 7ಕ್ಕೆ ಬಿತ್ತು. ಎರಡು ನಿಮಿಷ ಆಗೋದ್ರೊಳಗೆ 47 ಕಿಲೋಮೀಟರ್ ವೇಗ ಶಬ್ದದ ವೇಗಕ್ಕಿಂತ ಕೆಳಗೆ ಬಂತು. ಆ ಬ್ರೇಕಿನ ಜೋರು ಎಷ್ಟಿತ್ತೆಂದರೆ ಶೋಧಕದ ಒಂದೊಂದು ಭಾಗಕ್ಕೂ ತನ್ನ ತೂಕ 228 ಪಟ್ಟಾದ ಹಾಗೆ. 60 ಕೆ.ಜಿ. ಮನುಷ್ಯ ಒಳಗಿದ್ದಿದ್ದರೆ ಹದಿಮೂರು ಟನ್‌ಗೂ ಮೀರಿ ತೂಗ್ತಿದ್ದ. ಬೆಂಕಿ ಮುಗಿದ ಮೇಲೆ ಪ್ಯಾರಾಶೂಟ್ ಬಿಚ್ಚಿತು, ಅಳಿದುಳಿದ ಕವಚ ಕಳಚಿ ಕೆಳಗೆ ಬಿತ್ತು. ಒಳಗಿದ್ದ ಉಪಕರಣಗಳು ಸುಮಾರು ಒಂದು ತಾಸು ಗುರುವಿನ ಗಾಳಿ, ಒತ್ತಡ, ಹೀಲಿಯಂ, ನೀರಾವಿ ಎಲ್ಲ ಅಳೆದು ಮೇಲಿದ್ದ ತಾಯಿ ನೌಕೆಗೆ ಸುದ್ದಿ ಕಳಿಸಿದವು. ಆಮೇಲೆ ಕೆಳಗಿನ ಬಿಸಿ, ಒತ್ತಡಕ್ಕೆ ಸುಮ್ಮನಾದವು.

ಲೆಕ್ಕ ನೋಡಿ. 339 ಕೆ.ಜಿ.ಯಲ್ಲಿ ಕವಚದ ಪಾಲೇ 152 ಕೆ.ಜಿ. ವಿಜ್ಞಾನದ ಉಪಕರಣಗಳೆಲ್ಲ ಸೇರಿ 30 ಕೆ.ಜಿ. ಆಸುಪಾಸು. ಆ 152ರಲ್ಲಿ ಸುಮಾರು 80 ಕೆ.ಜಿ. ಒಂದೆರಡು ನಿಮಿಷದಲ್ಲಿ ಉರಿದು ಹೋಯ್ತು. ಕವಚದೊಳಗೇ ಸವೆತ ಅಳೆಯೋ ಸಾಧನ ಇಟ್ಟಿದ್ದರಿಂದ ಇನ್ನೊಂದು ವಿಷಯ ಗೊತ್ತಾಯ್ತು. ಮೂಗಿನಲ್ಲಿ ಅಂದಾಜಿಗಿಂತ ಕಡಿಮೆ ಸವೆದಿತ್ತು, ಇಳಿಜಾರಿನ ಅಂಚಿನಲ್ಲಿ ಅಂದಾಜಿಗಿಂತ ಹೆಚ್ಚು. ಅತಿ ಬೆಂಕಿ ಬೀಳತ್ತೆ ಅಂತ ಹೆದರಿ ದಪ್ಪ ಹಾಕಿದಲ್ಲಿ ಉಳೀತು, ಪರವಾಗಿಲ್ಲ ಅಂದ್ಕೊಂಡಲ್ಲಿ ಕಂಗಾಲು ಮಾಡುವಷ್ಟು ತೆಳುವಾಯ್ತು. ಬಚಾವಾದದ್ದು ಮೊದಲೇ ಹೆಚ್ಚು ಹಾಕಿಟ್ಟದ್ದರಿಂದ.

ಗುರುವೂ ಸೇರಿ ಯಾವ ದೈತ್ಯ ಗ್ರಹದ ಗಾಳಿಗೂ ಕವಚ ತೊಟ್ಟು ಇಳಿದ ನೌಕೆ ಇವತ್ತಿಗೂ ಅದೊಂದೇ. 2003ರಲ್ಲಿ ಗೆಲಿಲಿಯೋ ತಾಯಿ ನೌಕೆ ಗುರುವಿಗೆ, 2017ರಲ್ಲಿ ಕ್ಯಾಸಿನಿ ಶನಿಗೆ ಬಿದ್ದವು. ಅವು ಕೆಲಸ ಮುಗಿದ ಮೇಲೆ ಬೇಕಂತಲೇ ಬೀಳಿಸಿದವು, ಕವಚ ಇಲ್ಲದೇ ಸುಟ್ಟು ಹೋದವು.

ಇನ್ನೊಮ್ಮೆ ಕಳಿಸಬೇಕಂದರೆ? ಹಳೇ ಡ್ರಾಯಿಂಗ್ ತೆಗೆದು ಅದೇ ಕವಚ ಮಾಡಿದರಾಯ್ತಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ಆಗಲ್ಲ. ಯಾಕೆ ಅನ್ನೋದಕ್ಕೆ ಉತ್ತರ ಆಕಾಶದಲ್ಲಿಲ್ಲ, ಒಂದು ನದಿಯ ದಂಡೆಯಲ್ಲಿದೆ.

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಶೆನಾಂಡೋ ನದಿಯ ದಂಡೆಗೆ ಫ್ರಂಟ್ ರಾಯಲ್ ಅಂತ ಒಂದು ಊರು. ಅಲ್ಲಿ 1940ರಲ್ಲಿ ದೊಡ್ಡ ರೇಯಾನ್ ಕಾರ್ಖಾನೆ ಶುರುವಾಯ್ತು. ಕೊನೆಗಾಲದಲ್ಲಿ ಅದರ ಹೆಸರು ಏವ್‌ಟೆಕ್ಸ್. ಬಟ್ಟೆ, ಟೈರಿನ ದಾರ ಇಂಥದಕ್ಕೆ ರೇಯಾನ್ ಮಾಡ್ತಿದ್ದರು. ಅದೇ ನೂಲು ಕ್ಷಿಪಣಿಗಳ ಮೂಗಿಗೂ ಸ್ಪೇಸ್ ಶಟಲ್ಲಿನ ರಾಕೆಟ್ ಬಾಯಿಗೂ ಗುರುವಿನ ಕೌದಿಗೂ ಹೋಗ್ತಿತ್ತು. ಗಿರಣಿಯ ಒಟ್ಟು ನೂಲಿನಲ್ಲಿ ಇದು ಸಣ್ಣ ಪಾಲು. 1988ರಲ್ಲಿ ನಷ್ಟ ತಾಳಲಾರದೆ ಗಿರಣಿ ಒಮ್ಮಿಂದೊಮ್ಮೆಲೇ ಬಾಗಿಲು ಹಾಕ್ತು. ಆಗ ನಾಸಾದವರಿಗೂ ರಕ್ಷಣಾ ಇಲಾಖೆಯವರಿಗೂ ಎದೆ ಧಸಕ್ಕೆಂದಿತು, ಈ ನೂಲು ಬೇರೆಲ್ಲೂ ಸಿಗಲ್ಲ! ದುಡ್ಡು ಹೊಂದಿಸಿ ಮತ್ತೆ ಶುರು ಮಾಡಿಸಿ, ಒಂದಿಷ್ಟು ನೂಲು ಕೂಡಿಟ್ಟುಕೊಂಡರು. ಆದರೆ ಗಿರಣಿ ವರ್ಷಗಟ್ಟಲೆ ನದಿಗೆ ವಿಷ ಬಿಟ್ಟಿತ್ತು. ರಾಜ್ಯ ಸರಕಾರ ನೀರು ಬಿಡೋ ಪರವಾನಗಿ ರದ್ದು ಮಾಡಿತು, 1989ರ ನವೆಂಬರಿನಲ್ಲಿ ಗಿರಣಿ ಕಾಯಂ ಮುಚ್ಚಿತು. ಗೆಲಿಲಿಯೋ ಹೊರಟು ಆಗಿನ್ನೂ ಒಂದು ತಿಂಗಳು ಕೂಡ ಸರಿಯಾಗಿ ಆಗಿರಲಿಲ್ಲ.

ಮುಚ್ಚಿದ್ದು ತಪ್ಪು ಅಂತ ನಾನು ಹೇಳಲ್ಲ. ಘಟಪ್ರಭೆಯ ನೀರು ಕುಡಿದು ಬೆಳೆದೋನು ನಾನು, ನದಿಗೆ ವಿಷ ಬಿಡೋ ಗಿರಣಿಯ ಪರ ಮಾತಾಡೋಕಾಗಲ್ಲ. ಕೇಳಬೇಕಾದದ್ದು ಬೇರೆ. ಗುರುವಿನ ತನಕ ಲೆಕ್ಕ ಹಾಕಿದವರಿಗೆ, ತಮ್ಮ ಕೆಲಸವೆಲ್ಲ ಒಂದೇ ಊರಿನ ಒಂದೇ ಗಿರಣಿಯ ನೂಲಿಗೆ ಜೋತು ಬಿದ್ದಿದೆ ಅಂತ ಬಾಗಿಲು ಮುಚ್ಚೋ ತನಕ ಯಾಕೆ ಕಾಣಲಿಲ್ಲ?

ನಮ್ಮ ಸಾಫ್ಟ್‌ವೇರಿನಲ್ಲೂ ಇದೇ ಕತೆ. 2016ರ ಮಾರ್ಚಿನಲ್ಲಿ ಒಬ್ಬ ಪ್ರೋಗ್ರಾಮರ್ ಸಿಟ್ಟಿಗೆದ್ದು ತಾನು ಬರೆದ ಹನ್ನೊಂದು ಸಾಲಿನ ಕೋಡನ್ನು ಇಂಟರ್‌ನೆಟ್ಟಿನಿಂದ ವಾಪಸ್ ತಗೊಂಡ. ಲೆಫ್ಟ್‌ಪ್ಯಾಡ್ ಅಂತ ಅದರ ಹೆಸರು. ದೊಡ್ಡ ದೊಡ್ಡ ಕಂಪನಿಗಳ ಕೆಲಸ ಕೆಲವು ತಾಸು ನಿಂತು ಹೋಯ್ತು. ಆದರೆ ಕೋಡಾದರೆ ಕಾಪಿ ಇರತ್ತೆ, ಸಂಜೆಯೊಳಗೆ ವಾಪಸ್ ಹಾಕಬಹುದು. ಗಿರಣಿಗೆ ಕಾಪಿ ಇರಲ್ಲ. ಬೇರೆ ಕಡೆಯ ರೇಯಾನ್ ತಂದರೆ ಎಳೆಯ ಗುಣ ಬೇರೆ, ಬೆಂದಾಗ ಬರೋ ಇಂಗಾಲ ಬೇರೆ. ಎಲ್ಲ ಪರೀಕ್ಷೆ ಮೊದಲಿಂದ ಆಗಬೇಕು. ಆ ಪರೀಕ್ಷೆಗೆ ಏಮ್ಸ್‌ನಲ್ಲಿ ಗುರುವಿನ ಗಾಳಿಯಂಥ ಹೈಡ್ರೋಜನ್, ಹೀಲಿಯಂ ಬಳಸಿ ಉರಿಸೋ ವಿಶೇಷ ಕುಲುಮೆ ಇತ್ತು. ಗೆಲಿಲಿಯೋ ಕೆಲಸ ಮುಗಿದ ಮೇಲೆ ಅದನ್ನೂ ಬಿಚ್ಚಿ ಹಾಕಿದ್ದರು. ಚೌಕ ಕತ್ತರಿಸಿ ಅಚ್ಚಿಗೆ ಒತ್ತಿದವರೂ ಒಬ್ಬೊಬ್ಬರಾಗಿ ಕೆಲಸದಿಂದ ನಿವೃತ್ತರಾದರು. ಡ್ರಾಯಿಂಗ್ ಕಾಗದದಲ್ಲಿ ಉಳೀತು, ಕೈಗೆ ಗೊತ್ತಿದ್ದದ್ದು ಕೈಯ ಜೊತೆ ಹೋಯ್ತು. ಗೋದಾಮಿನಲ್ಲಿ ಹಳೇ ಬಟ್ಟೆಯ ಅಳಿದುಳಿದ ಸುರುಳಿಗಳಷ್ಟೇ ಉಳಿದವು.

ಮುಂದೆ ಏನು ಮಾಡಿದರು? ಮತ್ತೆ ಗಿರಣಿಗೇ ಹೋದರು. ಪೆನ್ಸಿಲ್ವೇನಿಯಾದಲ್ಲಿ 1923ರಲ್ಲಿ ಶುರುವಾದ ಬಾಲಿ ರಿಬ್ಬನ್ ಮಿಲ್ಸ್ ಅಂತ ಒಂದು ಕಂಪನಿ ಇದೆ. ಹೆಸರೇ ಹೇಳೋ ಹಾಗೆ ರಿಬ್ಬನ್ನು, ಪಟ್ಟಿ ನೇಯೋರು. 2010ರ ದಶಕದಲ್ಲಿ ಏಮ್ಸ್‌ನವರು ಅವರ ಜೊತೆ ಕೂತು ಹೊಸ ಥರದ ಬಟ್ಟೆ ಮಾಡಿಸಿದರು. ಹಾಸು, ಹೊಕ್ಕು ಎರಡೇ ಅಲ್ಲ, ದಪ್ಪದ ದಿಕ್ಕಿಗೂ ಎಳೆ ಓಡೋ ಹಾಗೆ ನೇಯ್ಗೆ. ಹೊರಮೈಗೆ ಒತ್ತಾದ ಇಂಗಾಲದ ನೂಲು, ಅದು ಉರಿಯನ್ನು ತಾಳತ್ತೆ. ಒಳಮೈಗೆ ಇಂಗಾಲ, ಫಿನಾಲಿಕ್ ಎರಡರ ಎಳೆ ಕೂಡಿಸಿ ಹುರಿ ಮಾಡಿದ ಹಗುರ ನೂಲು, ಅದು ಶಾಖ ಒಳಗೆ ಬಿಡಲ್ಲ. ಎರಡೂ ಒಂದೇ ಮಗ್ಗದಲ್ಲಿ ಒಂದಕ್ಕೊಂದು ಹೆಣೆದುಕೊಂಡೇ ಬರ್ತವೆ. ಮಗ್ಗದ ಅಗಲಕ್ಕೆ ಮಿತಿ ಇರೋದರಿಂದ ದೊಡ್ಡ ಕವಚಕ್ಕೆ ತುಂಡುಗಳನ್ನು ಜೋಡಿಸಲೇಬೇಕು. ಎಲ್ಲಕ್ಕಿಂತ ತಲೆನೋವು ತಂದದ್ದು ಆ ಜೋಡಣೆಯ ಗೆರೆಗಳೇ. ಕೌದಿ ಹೊಲಿದ ಯಾರಿಗಾದರೂ ಇದು ಗೊತ್ತಿರತ್ತೆ, ಹರಿಯೋದು ಮೊದಲು ಹೊಲಿಗೆಯಲ್ಲೇ.

2022ರಲ್ಲಿ ಅಮೆರಿಕದ ವಿಜ್ಞಾನಿಗಳ ಸಮಿತಿ ಮುಂದಿನ ದೊಡ್ಡ ಗ್ರಹಯಾನ ಯುರೇನಸ್ಸಿಗೆ ಆಗಬೇಕು, ಒಂದು ಶೋಧಕ ಅದರ ಗಾಳಿಗೆ ಇಳಿಯಬೇಕು ಅಂತ ಶಿಫಾರಸು ಮಾಡಿದೆ. ಗುರುವಿಗಿಂತ ವೇಗ ಕಡಿಮೆ, ಆದರೂ ಎಸ್‌ಆರ್‌ಇ-1 ಕಂಡ ಬೆಂಕಿಗೆ ಹೋಲಿಕೆಯೇ ಅಲ್ಲ. ಅದಕ್ಕೊಂದು ಹೊದಿಕೆ ಬೇಕು. ಅದಕ್ಕೆ ನೂಲು ಬೇಕು, ಮಗ್ಗ ಬೇಕು, ಮಗ್ಗದ ಮುಂದೆ ನಿಂತು ಎಳೆ ಸರಿ ಇದೆಯೋ ಇಲ್ಲವೋ ಅಂತ ನೋಡೋರು ಬೇಕು.

ಕಳೆದ ಸಲ ಊರಿಗೆ ಹೋದಾಗ ಫಾಲ್ಸಿಗೆ ಹೋಗಿದ್ದೆ. 52 ಮೀಟರ್ ಮೇಲಿಂದ ಘಟಪ್ರಭೆ ಬೀಳೋ ಸದ್ದಿನಲ್ಲಿ ಪಕ್ಕದವರ ಮಾತು ಕೇಳಲ್ಲ. 1880ರ ದಶಕದಲ್ಲಿ ಇದೇ ನೀರಿನ ಬಲ ನೋಡಿಯೇ ಇಲ್ಲಿ ಗಿರಣಿ ಕಟ್ಟಿದ್ದು. ತೂಗು ಸೇತುವೆಯ ಹತ್ತಿರ ನಿಂತು ಅಜ್ಜನ ಬೆರಳು ನೆನಪಾಯ್ತು. ಅವನ ಹತ್ತಿರ ಕೂತು, ಯಾವ ನೂಲಿಗೆ ಹುರಿ ಎಷ್ಟು, ಯಾವ ಎಳೆ ಎಲ್ಲಿ ಹರಿಯತ್ತೆ, ಒಂದು ನೋಟ್‌ಬುಕ್ಕಿನಲ್ಲಾದರೂ ಬರೆದುಕೊಂಡಿದ್ದರೆ? ಬಾಯಿಲೇ ಹೇಳಾಕ ಬರೂದಿಲ್ಲ ಅಂತ ಅವನೇನೋ ಅಂದ. ನಾನು ಎರಡನೇ ಸಲ ಕೇಳಲಿಲ್ಲ.

ಮನೆಗೆ ಬಂದು ಆಯಿ ಹೊಲಿದ ಕೌದಿ ತೆಗೆದೆ. ಅಂಚಿಗೆ ಒಂದು ಬಿಳಿ ತುಂಡು ಇದೆ, ಅಜ್ಜನ ಧೋತರದ್ದು ಅಂತ ಅವ್ವ ಹೇಳಿದಳು. ಒಂದು ಎಳೆ ಕಿತ್ತು ಎರಡು ಬೆರಳ ನಡುವೆ ತಿಕ್ಕಿದೆ. ನನ್ನ ಕೈಗೆ ಏನೂ ಗೊತ್ತಾಗಲಿಲ್ಲ.